ಮಳೆಗಾಲದ ಮನೆಗೆ ಹಾಡು: ನಿದ್ದೆ, ಉಸಿರು, ನಡಿಗೆ, ಮನಸ್ಸಿಗೆ ಸಂಗೀತ ಬಳಸುವುದು ಹೇಗೆ?

ಜೂನ್ ಬಂತು ಅಂದರೆ ನಮ್ಮ ಕೊಡಗಿನಲ್ಲಿ ಬದುಕೆಲ್ಲ ಮನೆಯೊಳಗೇ. ಬಟ್ಟೆ ಒಣಗುವುದಿಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಟವರ್ ಕೈಕೊಟ್ಟರೆ ಫೋನೂ ಇಲ್ಲ. ಗೂರಲು ಇರುವವರಿಗೆ ಥಂಡಿಯಲ್ಲಿ ಉಸಿರಿನ ಕಷ್ಟ, ಮಂಡಿ ನೋವಿನವರಿಗೆ ಅಂಗಳಕ್ಕೂ ಇಳಿಯಲಾಗದ ಕಷ್ಟ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು, ತೋಟದ ನಡುವೆ ವಯಸ್ಸಾದ ಇಬ್ಬರೇ ಉಳಿದಿರುವ ಮನೆಗಳು ಈಗ ಒಂದೆರಡಲ್ಲ. ಜುಲೈ-ಆಗಸ್ಟ್ ನಡುವಿನ ಜೋರು ಮಳೆಯ ಕಕ್ಕಡ ತಿಂಗಳು ಕಳೆಯುವಷ್ಟರಲ್ಲಿ ಎಷ್ಟೋ ಜನರ ಮನಸ್ಸು ಕುಗ್ಗಿಹೋಗಿರುತ್ತದೆ.

ಇಂಥ ಹೊತ್ತಿನಲ್ಲಿ ಸಂಗೀತ ನಿಜವಾಗಿಯೂ ನೆರವಾಗುತ್ತದೆ. ಸಂಗೀತ ಕೇಳಿದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಯಾವುದನ್ನು, ಯಾವಾಗ, ಎಷ್ಟು ಹೊತ್ತು ಅಂತ ಹೇಳುವವರು ಕಡಿಮೆ. ಹಾಗಾಗಿ ಇಲ್ಲಿ ಅದನ್ನೇ ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸುಮ್ನೆ ಕೇಳುವುದಕ್ಕಿಂತ ಬಾಯಿಬಿಟ್ಟು ಹಾಡುವುದು ಮೇಲು, ಯೂಟ್ಯೂಬಿನಲ್ಲಿ ಸಿಗುವ 'ಹೀಲಿಂಗ್ ಮ್ಯೂಸಿಕ್'ಗಿಂತ ನಿಮ್ಮ ಮನೆಯವರ ಬಾಯಲ್ಲಿ ತಾನಾಗಿ ಬರುವ ಹಾಡು ಮೇಲು.

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹಾಡು, ಕುಣಿತದಂಥ ಕಲೆಗಳು ಕಾಯಿಲೆ ತಡೆಯುವುದರಲ್ಲೂ ಆರೈಕೆಯಲ್ಲೂ ಕೆಲಸಕ್ಕೆ ಬರುತ್ತವೆ ಎಂದು ಹೇಳಿತು. ಹಾಗಂತ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಗೂರಲಿನ ಪಫ್ ಯಾವುದನ್ನೂ ಹಾಡಿನ ನೆಪದಲ್ಲಿ ಬಿಡಬೇಡಿ.

ಮೊದಲು ಒಂದೇ ಒಂದು ತೊಂದರೆ ಆರಿಸಿಕೊಳ್ಳಿ

ನಿದ್ದೆ ಬರುತ್ತಿಲ್ಲವೇ? ಉಸಿರು ಬೇಗ ಸಾಕಾಗುತ್ತದೆಯೇ? ಮನೆಯ ಹಿರಿಯರಿಗೆ ಮರೆವು ಬಂದಿದೆಯೇ? ಸಂಜೆ ಆದರೆ ಸಂಕಟವೇ? ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೊರಟರೆ ವಾರದಲ್ಲಿ ಬಿಟ್ಟುಬಿಡುತ್ತೀರಿ. ಒಂದನ್ನು ಹಿಡಿಯಿರಿ, ದಿನದಲ್ಲಿ ಅದಕ್ಕೊಂದು ಹೊತ್ತು ಗೊತ್ತುಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಡಿದ ದಿನಕ್ಕೆ ಒಂದು ಗುರುತು ಹಾಕುತ್ತಾ ಹೋಗಿ. ಪಕ್ಕದಲ್ಲಿ 'ನಿದ್ದೆ ಚೆನ್ನಾಗಿತ್ತು', 'ಇಲ್ಲ' ಅಂತ ಒಂದೆರಡು ಪದ ಬರೆದರೆ ತಿಂಗಳ ಕೊನೆಯಲ್ಲಿ ನಿಮಗೇ ಲೆಕ್ಕ ಸಿಗುತ್ತದೆ.

ಮಳೆ ಹಿಡಿಯುವ ಮೊದಲೇ ಹಾಡು ಕೂಡಿಡಿ

ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುವ ಹಾಗೆ ಮೇ ತಿಂಗಳಲ್ಲೇ ಹಾಡುಗಳನ್ನೂ ಕೂಡಿಡಬೇಕು. ನೆಟ್‌ವರ್ಕ್ ನಂಬಬೇಡಿ, ಬೇಕಾದ ಹಾಡುಗಳನ್ನು ಫೋನಿಗೆ ಇಳಿಸಿಕೊಳ್ಳಿ ಅಥವಾ ಮೆಮೊರಿ ಕಾರ್ಡ್ ಹಾಕುವ ಸಣ್ಣ ಸ್ಪೀಕರ್ ತೆಗೆದುಕೊಳ್ಳಿ. ಸೆಲ್ ಹಾಕಿ ನಡೆಯುವ ಒಂದು ರೇಡಿಯೊ ಮನೆಯಲ್ಲಿರಲಿ. ಆಕಾಶವಾಣಿ ಮಡಿಕೇರಿ 103.1 ಎಫ್‌ಎಂನಲ್ಲಿ ಕನ್ನಡದ ಜೊತೆ ಕೊಡವ ಭಾಷೆಯ, ಅರೆಭಾಷೆಯ ಕಾರ್ಯಕ್ರಮಗಳೂ ಬರುತ್ತವೆ. ಒಂಟಿಯಾಗಿರುವ ಹಿರಿಯರಿಗೆ ದಿನಾ ಅದೇ ಹೊತ್ತಿಗೆ ಗುರುತಿನ ದನಿ ಕೇಳುವುದೇ ಒಂದು ಆಸರೆ. ಮಳೆಯ ಎಚ್ಚರಿಕೆಯ ಸುದ್ದಿಯೂ ಅಲ್ಲೇ ಸಿಗುತ್ತದೆ.

ಹಾಡು ಆರಿಸುವಾಗ ಮೂರು ಗುಂಪು ಮಾಡಿ: ಮಲಗುವ ಹೊತ್ತಿನವು, ಕೈಕಾಲು ಆಡಿಸುವ ಹೊತ್ತಿನವು, ಎಲ್ಲರೂ ಸೇರಿ ಹಾಡುವಂಥವು. ಒಂದೊಂದು ಗುಂಪಿಗೆ ಹತ್ತು ಹಾಡು ಇದ್ದರೆ ಸಾಕು.

ನಿದ್ದೆಗೆ

ನಿದ್ದೆಯ ವಿಚಾರದಲ್ಲಿ ಪುರಾವೆ ಪರವಾಗಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಜಾಲಿಸಿ ನೋಡುವ ಕಾಕ್ರೇನ್ ಸಂಸ್ಥೆ 2022ರಲ್ಲಿ, ನಿದ್ದೆ ಬಾರದ ವಯಸ್ಕರ ಮೇಲಿನ 13 ಪ್ರಯೋಗಗಳನ್ನು ಒಟ್ಟುಮಾಡಿ ನೋಡಿತು. ಅದರಲ್ಲಿ ಇದ್ದವರು 1007 ಜನ. ದಿನಕ್ಕೆ 25ರಿಂದ 60 ನಿಮಿಷ ಸಂಗೀತ ಕೇಳಿದವರು, ನಿದ್ದೆ ಸುಧಾರಿಸಿದೆ ಎಂದು ಹೇಳಿದರು. ಪ್ರಯೋಗಗಳು ಮೂರು ದಿನದಿಂದ ಮೂರು ತಿಂಗಳವರೆಗೆ ನಡೆದಿದ್ದವು. ಹಾಗಾಗಿ ಒಂದು ರಾತ್ರಿ ಕೇಳಿ 'ನನಗೆ ಆಗಲಿಲ್ಲ' ಅನ್ನಬೇಡಿ. ಮೂರು ವಾರವಾದರೂ ಕೊಡಿ.

ಮಾಡುವ ಬಗೆ ಹೀಗೆ. ಊಟವಾಗಿ, ಬಾಗಿಲು ಹಾಕಿ, ಬಿಸಿನೀರು ಕುಡಿದು ಮಲಗುವ ಹೊತ್ತಿಗೆ ದೀಪ ಕಡಿಮೆ ಮಾಡಿ. ಟಿವಿ, ಫೋನು ಬದಿಗಿಡಿ. ನಿಧಾನದ ಹಾಡು ಹಾಕಿ. ನಿಧಾನ ಅಂದರೆ ಎಷ್ಟು? ಗಡಿಯಾರ ನೋಡುತ್ತಾ ಹಾಡಿಗೆ ಬೆರಳು ತಟ್ಟಿ, 15 ಸೆಕೆಂಡಿಗೆ 15ರಿಂದ 20 ತಟ್ಟು ಬಂದರೆ ಸರಿ. ಮಾತಿರುವ ಹಾಡು ಕೇಳಿದರೆ ತಲೆ ಅದರ ಕಥೆಯ ಹಿಂದೆ ಓಡುತ್ತದೆ ಅನ್ನುವವರು ಕೊಳಲು, ವೀಣೆ, ಸಂತೂರಿನಂಥದ್ದು ಆರಿಸಿಕೊಳ್ಳಿ. ದಿನಾ ಹೊಸದು ಹುಡುಕಬೇಡಿ, ಅದೇ ಹಾಡುಗಳು ಅದೇ ಕ್ರಮದಲ್ಲಿ ಬರಲಿ. ಮುಕ್ಕಾಲು ಗಂಟೆಗೆ ತಾನೇ ನಿಲ್ಲುವಂತೆ ಟೈಮರ್ ಇಡಿ.

ನಮ್ಮ ಕಡೆ ಒಂದು ವಿಶೇಷ ತೊಂದರೆ ಇದೆ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಯಾವ ಹಾಡೂ ಕೇಳಿಸುವುದಿಲ್ಲ, ಕೇಳಿಸಲಿ ಅಂತ ಇಯರ್‌ಫೋನ್ ಸಿಕ್ಕಿಸಿ ದನಿ ಏರಿಸುತ್ತಾ ಹೋಗುತ್ತೇವೆ, ಕಿವಿಗೆ ಅದರಿಂದಲೇ ಪೆಟ್ಟು. ಅಂಥ ರಾತ್ರಿ ಸ್ಪೀಕರ್ ದಿಂಬಿನ ಹತ್ತಿರ ಇಟ್ಟುಕೊಳ್ಳಿ, ಇಲ್ಲವೇ ಹಾಡು ಬಿಟ್ಟು ಮಳೆಯ ಸದ್ದಿನಲ್ಲೇ ಮಲಗಿ.

ಇನ್ನೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಏನಾಯಿತು ಅಂತ ನಮಗೆಲ್ಲ ಗೊತ್ತು. ಇಳಿಜಾರಿನಲ್ಲಿ ಮನೆ ಇರುವವರು ಜೋರು ಮಳೆಯ ರಾತ್ರಿ ಕಿವಿಗೆ ಏನನ್ನೂ ಸಿಕ್ಕಿಸಿಕೊಂಡು ಮಲಗಬಾರದು. ನೆರೆಯವರು ಕೂಗಿದ್ದು, ಫೋನು ಬಡಿದುಕೊಂಡಿದ್ದು ಕೇಳಿಸಬೇಕು. ಆ ವರ್ಷದ ನಂತರ ಮಳೆ ಜೋರಾದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ ಅನ್ನುವವರು ಇಂದಿಗೂ ಇದ್ದಾರೆ. ಅವರಿಗೆ ಹಾಡು ಹಾಕಿಕೊಟ್ಟರೆ ಮುಗಿಯಲಿಲ್ಲ. ಜೊತೆಗೆ ಒಬ್ಬರು ಕೂರಬೇಕು, ಮೆಲ್ಲಗೆ ಗುನುಗಬೇಕು, ಆ ದಿನಗಳನ್ನು ನೆನಪಿಸುವ ಹಾಡು ಯಾವುದಾದರೂ ಇದ್ದರೆ ಪಟ್ಟಿಯಿಂದ ತೆಗೆಯಬೇಕು. ಭಯ ಬಿಡದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ ಉಚಿತ ಸೇವೆ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಉಸಿರಿಗೆ: ಹಾಡಲೇಬೇಕು

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾಗಿರುವುದು ಇಲ್ಲಿ. ಹಾಡುವಾಗ ನಾವು ಬೇಗನೆ ಉಸಿರು ಎಳೆದುಕೊಂಡು ನಿಧಾನಕ್ಕೆ ಬಿಡುತ್ತೇವೆ. ಸಾಲು ಮುಗಿಯುವವರೆಗೆ ಉಸಿರನ್ನು ಹದವಾಗಿ ಖರ್ಚು ಮಾಡಬೇಕಲ್ಲ, ಅದೇ ವ್ಯಾಯಾಮ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಇಟಲಿಯ ಸಂಶೋಧಕರು 23 ಜನರಿಗೆ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ, ಟಿಬೆಟಿನವರ 'ಓಂ ಮಣಿ ಪದ್ಮೇ ಹೂಂ' ಮಂತ್ರವನ್ನೂ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಬಡಿತವೂ ರಕ್ತದೊತ್ತಡದ ಹತೋಟಿಯೂ ಹೆಚ್ಚು ಲಯಬದ್ಧವಾದವು. ಇದು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕುಶಾಲನಗರ ದಾಟಿದರೆ ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆ, ಅಲ್ಲಿ ಹಿರಿಯರು ಮಣಿ ತಿರುಗಿಸುತ್ತಾ ಹೇಳುವುದು ಅದೇ ಮಂತ್ರ. ವಿರಾಜಪೇಟೆ, ಮಡಿಕೇರಿಯ ಚರ್ಚುಗಳ ಜಪಮಾಲೆಯೂ, ನಮ್ಮ ಭಜನೆಯೂ ಉಸಿರಿನ ಮಟ್ಟಿಗೆ ಮಾಡಿಸುವ ಕೆಲಸ ಒಂದೇ ಬಗೆಯದು.

ಕೊಡವರ ಬಾಳೋ ಪಾಟ್ ಅನ್ನುವ ಹಾಡನ್ನು ಕೂತು ಕೇಳಿದವರಿಗೆ ಇನ್ನೊಂದು ಗೊತ್ತಿರುತ್ತದೆ. ನಾಲ್ಕು ಜನ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಕೂತು, ಇಬ್ಬರು ಒಂದು ಸಾಲು ಹಾಡಿದರೆ ಮತ್ತಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ಉಸಿರಿನ ತೊಂದರೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಂಡಿಲ್ಲ. ಒಂದು ಸಾಲು ದುಡಿಮೆ, ಒಂದು ಸಾಲು ವಿಶ್ರಾಂತಿ. ಒಬ್ಬರೇ ಹಾಡಿದರೆ ಮೂರು ನಿಮಿಷಕ್ಕೆ ಸುಸ್ತಾಗುವವರು ಹೀಗೆ ಕಾಲು ಗಂಟೆ ಎಳೆಯಬಹುದು. ಭಜನೆಯಲ್ಲೂ ಒಬ್ಬರು ಹೇಳಿ ಉಳಿದವರು ಹೇಳುವ ಪದ್ಧತಿ ಇದೆಯಲ್ವಾ, ಅದೂ ಆಗುತ್ತದೆ. ಮನೆಯಲ್ಲಿ ಇಬ್ಬರಿದ್ದರೂ ಸಾಕು.

1. ಬೆನ್ನು ನೆಟ್ಟಗಿಟ್ಟು ಕುರ್ಚಿಯಲ್ಲಿ ಕೂತುಕೊಳ್ಳಿ, ಪಾದ ನೆಲಕ್ಕೆ ತಾಗಿರಲಿ. ಭುಜ ಸಡಿಲ ಬಿಡಿ. ಗೂರಲಿನವರು ಪಫ್ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ, ಒಲೆಯ ಹೊಗೆಯಿಂದ ದೂರ ಕೂರಿ.
2. ಮೂಗಿನಿಂದ ಉಸಿರು ಎಳೆದು, ಬಾಯಿ ಮುಚ್ಚಿ 'ಮ್‌‌‌‌' ಅಂತ ಗುನುಗಿ. ಐದಾರು ಸಲ.
3. ಗೊತ್ತಿರುವ ಹಾಡಿನ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಹಾಡಿ. ಮುಗಿಯುವ ಮೊದಲೇ ಉಸಿರು ಸಾಲದಿದ್ದರೆ ಸಾಲನ್ನು ಎರಡು ಮಾಡಿ.
4. ಎದುರಿನವರು ತಿರುಗಿ ಹಾಡುವಾಗ ಸುಮ್ಮನಿರಿ, ಕೈಯಿಂದ ತೊಡೆ ತಟ್ಟುತ್ತಾ ತಾಳ ಮಾತ್ರ ಇಡಿ.
5. ಮೊದಲ ವಾರ ಐದು ನಿಮಿಷ, ಆಮೇಲೆ ಹತ್ತು, ಆಮೇಲೆ ಹದಿನೈದು.

ತಲೆ ತಿರುಗಿದರೆ, ಎದೆ ಬಿಗಿದರೆ, ಕೆಮ್ಮು ಹತ್ತಿದರೆ ನಿಲ್ಲಿಸಿ. ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು ಶುರುಮಾಡುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ. ಇಂಥವರು ಹಾಡುವುದರ ಬಗ್ಗೆ ನಡೆದಿರುವ ಪ್ರಯೋಗಗಳು ಸಣ್ಣವು, ಹಾಡಿದರೆ ಶ್ವಾಸಕೋಶ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಸಿರನ್ನು ಹದವಾಗಿ ಬಳಸುವ ಅಭ್ಯಾಸ ಆಗುತ್ತದೆ, ಅಷ್ಟು ಲಾಭ.

ದನಿ ಚೆನ್ನಾಗಿಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು. ಇಲ್ಲಿ ಕೆಲಸ ಇರುವುದು ಉಸಿರಿಗೆ, ಶ್ರುತಿಗೆ ಅಲ್ಲ. ಮನೆಯವರು ನಗದಿದ್ದರೆ ಸಾಕು, ಆದ್ದರಿಂದ ಮನೆಯವರೇ, ನಗಬೇಡಿ.

ಹಾಡು ಮುಗಿದ ಮೇಲೆ ಎರಡು ನಿಮಿಷ ಏನೂ ಮಾಡದೆ ಕೂತಿರಿ. 2006ರಲ್ಲಿ ಅದೇ ಇಟಲಿಯ ಸಂಶೋಧಕರು ಬೇರೆ ಬೇರೆ ವೇಗದ ಸಂಗೀತ ಕೇಳಿಸಿ, ನಡುವೆ ಎರಡು ನಿಮಿಷ ನಿಲ್ಲಿಸಿ ನೋಡಿದ್ದರು. ಆ ಬಿಡುವಿನಲ್ಲೇ ರಕ್ತದೊತ್ತಡ, ಹೃದಯದ ಬಡಿತ ಎರಡೂ ಶುರುವಿನಲ್ಲಿ ಇದ್ದದ್ದಕ್ಕಿಂತ ಕೆಳಗೆ ಇಳಿದವು.

ನಡಿಗೆಗೆ ತಾಳ

ಪಾರ್ಕಿನ್‌ಸನ್ ಕಾಯಿಲೆ ಇರುವವರ ಕಾಲು ನೆಲಕ್ಕೆ ಅಂಟಿದ ಹಾಗೆ ಆಗಿ, ಹೆಜ್ಜೆ ಚಿಕ್ಕದಾಗುತ್ತದೆ. ತಾಳ ಕೇಳಿಸಿದರೆ ಕಾಲು ಅದನ್ನು ಹಿಡಿದು ನಡೆಯುತ್ತದೆ. 1996ರಲ್ಲಿ ಬಂದ ಒಂದು ಅಮೆರಿಕದ ಅಧ್ಯಯನದಲ್ಲಿ, ಮೂರು ವಾರ ದಿನಾ ಅರ್ಧ ಗಂಟೆ ತಾಳದ ಜೊತೆ ನಡೆದ ರೋಗಿಗಳ ವೇಗ ಸುಮಾರು ಕಾಲು ಭಾಗ ಹೆಚ್ಚಿತು. ಮನೆಯಲ್ಲಿ ಮಾಡುವುದಾದರೆ, ಅವರು ಈಗ ನಡೆಯುವ ವೇಗಕ್ಕೆ ಸರಿಯಾಗಿ ಯಾರಾದರೂ ಚಪ್ಪಾಳೆ ಹೊಡೆಯಿರಿ ಅಥವಾ ದುಡಿ ಇದ್ದರೆ ಮೆಲ್ಲಗೆ ಬಾರಿಸಿ. ಅದಕ್ಕೆ ಹೊಂದಿಕೊಂಡ ಮೇಲೆ ತಾಳವನ್ನು ತುಸುವೇ ಚುರುಕು ಮಾಡಿ. ಪಕ್ಕದಲ್ಲಿ ಹಿಡಿಯಲು ಒಬ್ಬರಿರಲಿ, ಫಿಸಿಯೊಥೆರಪಿಸ್ಟ್ ಸಿಕ್ಕರೆ ಮೊದಲು ಅವರಿಂದ ಕಲಿಯಿರಿ. ಪಾಚಿ ಹಿಡಿದ ಅಂಗಳದಲ್ಲಿ ಬೇಡ, ಜಾರುತ್ತದೆ. ಜಗಲಿ ಉದ್ದಕ್ಕಿದ್ದರೆ ಅಲ್ಲೇ ಆಗುತ್ತದೆ.

ಆರೋಗ್ಯವಾಗಿರುವವರಿಗೂ ಚುರುಕಾದ ಹಾಡಿದ್ದರೆ ನಡಿಗೆ ಹಗುರ. ಆದರೆ ಬೆಳಗಿನ ಜಾವ, ಸಂಜೆ ಮಬ್ಬಿನಲ್ಲಿ ತೋಟದ ರಸ್ತೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ನಡೆಯಬೇಡಿ. ಸಿದ್ದಾಪುರ, ತಿತಿಮತಿ, ಪಾಲಿಬೆಟ್ಟದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆನೆ ಕಾಫಿ ಗಿಡದ ಮರೆಯಲ್ಲಿ ನಿಂತಿದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗಬೇಕು, ಕೊಂಬೆ ಮುರಿಯುವ ಸದ್ದು ಕೇಳಿಸದಿದ್ದರೆ ಜೀವಕ್ಕೇ ಅಪಾಯ.

ಮರೆವಿನವರಿಗೆ, ಲಕ್ವ ಹೊಡೆದವರಿಗೆ

ಮಕ್ಕಳ ಹೆಸರು ಮರೆತ ಅಜ್ಜಿ ತನ್ನ ಮದುವೆಯ ಕಾಲದ ಹಾಡನ್ನು ಪೂರ್ತಿ ಹೇಳುವುದನ್ನು ಎಷ್ಟೋ ಮನೆಗಳಲ್ಲಿ ನೋಡಿರುತ್ತೀರಿ. ಹರೆಯದಲ್ಲಿ ಕೇಳಿದ ಹಾಡುಗಳು ತುಂಬ ಆಳಕ್ಕೆ ಇಳಿದಿರುತ್ತವೆ. ಅವರ 15ರಿಂದ 25ನೇ ವಯಸ್ಸಿನ ಕಾಲ ಯಾವುದು ಅಂತ ಲೆಕ್ಕ ಹಾಕಿ. ಈಗ 80 ಆಗಿರುವವರಿಗೆ ಅದು 1960ರ ದಶಕ. ಆಗಿನ ರೇಡಿಯೊ ಹಾಡು, ಸಿನಿಮಾ ಹಾಡು, ಶಾಲೆಯ ಪ್ರಾರ್ಥನೆ, ಮದುವೆ ಮನೆಯ ಹಾಡು ಹುಡುಕಿ. ಕೊಡವರ ಮನೆಯಾದರೆ ಹೆಂಗಸರ ಕುಣಿತವಾದ ಉಮ್ಮತ್ತಾಟಿನ, ಸುಗ್ಗಿ ಹಬ್ಬವಾದ ಪುತ್ತರಿಯ ಪಾಟುಗಳು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ'ಯಲ್ಲಿ ಇಂಥವು ಕನ್ನಡ ಲಿಪಿಯಲ್ಲೇ ಸಿಗುತ್ತವೆ, ಓದಿ ಹಾಡಿಸಬಹುದು. ಅರೆಭಾಷೆಯ ಮನೆಯಲ್ಲಿ ಶೋಭಾನೆ, ತುಳು ಮನೆಯಲ್ಲಿ ಪಾಡ್ದನ, ಮಾಪಿಳ್ಳೆಯರ ಮನೆಯಲ್ಲಿ ದಫ್ಫಿನ ಹಾಡು. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಇರುವವರಿಗೆ ತಮಿಳೋ ಮಲಯಾಳವೋ ಯರವರ ಮಾತಿನದೋ, ಅವರವರದೇ ಇರಲಿ. ನಿಮಗೆ ಇಷ್ಟವಾದದ್ದನ್ನು ಅವರ ಮೇಲೆ ಹೇರಬೇಡಿ.

ಸ್ನಾನ, ಊಟ, ಬಟ್ಟೆ ಬದಲಿಸುವಾಗ ಹಟ ಮಾಡುವವರಿಗೆ ಹತ್ತು ನಿಮಿಷ ಮೊದಲು ಹಾಡು ಶುರುಮಾಡಿ. ಟಿವಿ ಆರಿಸಿ, ಎರಡು ಸದ್ದು ಒಟ್ಟಿಗೆ ಬೇಡ. ಕೈ ಹಿಡಿದುಕೊಂಡು ಜೊತೆಗೆ ಹಾಡಿದರೆ ಇನ್ನೂ ಒಳ್ಳೆಯದು. ಮುಖ ಕಿವುಚಿದರೆ, ಅಳು ಜಾಸ್ತಿಯಾದರೆ ಹಾಡು ಬದಲಿಸಿ. ಮರೆವಿನವರ ಮೇಲೆ ನಡೆದ ಅಧ್ಯಯನಗಳಲ್ಲಿ ಬೇಸರ ಕಡಿಮೆಯಾಗಿದ್ದು ಕಾಣುತ್ತದೆ, ಆದರೆ ನೆನಪು ವಾಪಸು ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಲಕ್ವ ಹೊಡೆದವರ ವಿಚಾರ ಸ್ವಲ್ಪ ಬೇರೆ. ಫಿನ್‌ಲ್ಯಾಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಗಳು ತಾವೇ ಆರಿಸಿದ ಸಂಗೀತವನ್ನು ಎರಡು ತಿಂಗಳು ದಿನಕ್ಕೆ ಒಂದು ಗಂಟೆಯಾದರೂ ಕೇಳಿದರು. ಕಥೆ ಕೇಳಿದವರಿಗಿಂತ, ಏನೂ ಕೇಳದವರಿಗಿಂತ ಅವರ ನೆನಪು, ಗಮನ ಹೆಚ್ಚು ಸುಧಾರಿಸಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಗೋಡೆ ನೋಡುತ್ತಾ ಮಲಗಿರುವವರಿಗೆ ಒಂದು ಗಂಟೆ ಹಾಡು ಹಾಕಿಕೊಡುವುದು ಎಲ್ಲರ ಕೈಯಲ್ಲೂ ಆಗುವ ಕೆಲಸ. ಮಾತು ನಿಂತುಹೋದವರಲ್ಲಿ ಕೆಲವರಿಗೆ ಹಾಡಿನ ಪದಗಳು ಮಾತ್ರ ಬಾಯಿಗೆ ಬರುತ್ತವೆ. ಅದನ್ನೇ ಹಿಡಿದು ಮಾತು ಕಲಿಸುವ ವಿಧಾನ 1973ರಿಂದಲೂ ಬಳಕೆಯಲ್ಲಿದೆ. ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, 'ಹಾಡಿದರೆ ಪದ ಬರುತ್ತದೆ' ಅಂತ ಹೇಳುವುದನ್ನು ಮರೆಯಬೇಡಿ.

ಆಪರೇಷನ್‌ಗೆ ಹೋಗುವಾಗ

ದೊಡ್ಡ ಆಪರೇಷನ್ ಅಂದರೆ ನಮ್ಮವರು ಮೈಸೂರಿಗೋ ಮಂಗಳೂರಿಗೋ ಇಳಿಯುತ್ತಾರೆ. ಬ್ಯಾಗಿಗೆ ಹಾಡು ತುಂಬಿದ ಫೋನನ್ನೂ ಹಾಕಿಕೊಳ್ಳಿ. ಲ್ಯಾನ್ಸೆಟ್ ಪತ್ರಿಕೆ 2015ರಲ್ಲಿ ಪ್ರಕಟಿಸಿದ ದೊಡ್ಡ ಅವಲೋಕನದಲ್ಲಿ ಸುಮಾರು 7000 ರೋಗಿಗಳ ಮಾಹಿತಿ ಇತ್ತು. ಸಂಗೀತ ಕೇಳಿದವರಿಗೆ ಆಪರೇಷನ್ ನಂತರದ ನೋವು, ಆತಂಕ ಕಡಿಮೆ, ನೋವಿನ ಔಷಧಿಯೂ ಕಡಿಮೆ ಬೇಕಾಯಿತು. ಮೊದಲು ಕೇಳಿದರೂ ಆಯಿತು, ನಂತರ ಕೇಳಿದರೂ ಆಯಿತು. ನರ್ಸ್ ಹತ್ತಿರ ಕೇಳಿ, ಒಂದೇ ಕಿವಿಗೆ ಹಾಕಿಕೊಳ್ಳಿ, ಇನ್ನೊಂದು ಕಿವಿ ಅವರ ಮಾತಿಗೆ ಇರಲಿ. ಪಕ್ಕದ ಹಾಸಿಗೆಯವರಿಗೆ ತೊಂದರೆ ಆಗದಂತೆ ನೋಡಿಕೊಳ್ಳಿ.

ತಿಂಗಳು ತುಂಬದೆ ಹುಟ್ಟಿದ ಮಗು ಆಸ್ಪತ್ರೆಯಲ್ಲಿದ್ದರೂ ಅಪ್ಪ ಅಮ್ಮ ಹಾಡಬಹುದು. ಅಮೆರಿಕದ 11 ಆಸ್ಪತ್ರೆಗಳಲ್ಲಿ 272 ಮಕ್ಕಳ ಮೇಲೆ ನಡೆದು 2013ರಲ್ಲಿ ಬಂದ ಅಧ್ಯಯನದಲ್ಲಿ, ಹೆತ್ತವರಿಗೆ ಪ್ರಿಯವಾದ ಹಾಡನ್ನೇ ಜೋಗುಳದ ಲಯಕ್ಕೆ ಇಳಿಸಿ ಮೆಲ್ಲಗೆ ಹಾಡಿದಾಗ ಮಗುವಿನ ಎದೆಬಡಿತ ನಿಧಾನವಾಯಿತು, ಹೆತ್ತವರ ಆತಂಕವೂ ಇಳಿಯಿತು.

ವಾರಕ್ಕೊಮ್ಮೆ ನಾಲ್ಕು ಜನ ಸೇರಿ

ಒಂಟಿತನಕ್ಕೆ ಇಯರ್‌ಫೋನ್ ಮದ್ದಲ್ಲ, ಅದು ಇನ್ನಷ್ಟು ಒಂಟಿ ಮಾಡಬಹುದು. ಬ್ರಿಟನ್ನಿನಲ್ಲಿ 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಹಾಡಿನ ತರಗತಿಗೆ ಸೇರಿದ ಹೊಸಬರು ಕಸೂತಿ, ಬರವಣಿಗೆಯಂಥ ತರಗತಿಗೆ ಸೇರಿದವರಿಗಿಂತ ಬೇಗ ಒಬ್ಬರಿಗೊಬ್ಬರು ಹತ್ತಿರವಾದರು. ನಮ್ಮಲ್ಲಿ ಹೊಸ ಸಂಘ ಕಟ್ಟುವ ಅಗತ್ಯವೇನಿಲ್ಲ. ಸ್ತ್ರೀಶಕ್ತಿ ಸಂಘದ ಸಭೆ ಇದೆ, ಭಜನಾ ಮಂಡಳಿ ಇದೆ, ಚರ್ಚಿನ ಹಾಡಿನ ಗುಂಪು ಇದೆ, ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆ ಇದೆ. ಸಭೆಯ ಲೆಕ್ಕಪತ್ರ ಮುಗಿದ ಮೇಲೆ ಹದಿನೈದು ನಿಮಿಷ ಹಾಡು ಅಂತ ಇಟ್ಟುಕೊಳ್ಳಿ. ಕೊಡವ ಕುಟುಂಬಗಳು ಪುತ್ತರಿಗೆ ಮನೆಮನೆಗೆ ಹೋಗಿ ಹಾಡುವ ಪಾಟಿನ ಅಭ್ಯಾಸವನ್ನು ಕಕ್ಕಡದಲ್ಲೇ ಶುರುಮಾಡಬಹುದು. ಜೋರು ಮಳೆಗೆ ಹೊರಗೆ ಹೋಗಲಾಗದ ದಿನ ಹಿರಿಯರೂ ಮನೆಯಲ್ಲಿರುತ್ತಾರೆ. ಗೊತ್ತಿರುವ ಹಿರಿಯರಿಗೆ ಕಲಿಸುವ ಜವಾಬ್ದಾರಿ ಕೊಡಿ. ಅವರಿಗೆ ಅದರಿಂದ ಆಗುವ ಒಳ್ಳೆಯದು ಕಲಿಯುವವರಿಗಿಂತ ಜಾಸ್ತಿ ಅಂತ ನನ್ನ ನಂಬಿಕೆ. ಬರಲಾಗದವರನ್ನು ವಿಡಿಯೊ ಕಾಲ್‌ನಲ್ಲಿ ಸೇರಿಸಿ, ಆದರೆ ದನಿ ತಡವಾಗಿ ತಲುಪುವುದರಿಂದ ಒಟ್ಟಿಗೆ ಹಾಡಲು ಆಗುವುದಿಲ್ಲ, ಒಬ್ಬರಾದ ಮೇಲೆ ಒಬ್ಬರು ಹಾಡಿ.

ತೀರಾ ಬೇಸರದಲ್ಲಿರುವವರಿಗೆ ತಟ್ಟನೆ ಕುಣಿಯುವ ಹಾಡು ಹಾಕಿದರೆ ಸಿಟ್ಟು ಬರುತ್ತದೆ. ಮೊದಲು ಅವರ ಮನಸ್ಥಿತಿಗೆ ಹೊಂದುವ ಹಾಡು, ಆಮೇಲೆ ಸ್ವಲ್ಪ ಹಗುರಾದದ್ದು, ಕೊನೆಗೆ ಉತ್ಸಾಹದ್ದು, ಹೀಗೆ ಏರಿಸುತ್ತಾ ಹೋಗಿ. ದುಃಖದ ಹಾಡು ಕೇಳಿ ಅತ್ತರೆ ಕೆಲವರಿಗೆ ಹಗುರಾಗುತ್ತದೆ, ಕೆಲವರು ಅದನ್ನೇ ನೂರು ಸಲ ಕೇಳಿ ಇನ್ನೂ ಕುಸಿಯುತ್ತಾರೆ. ಎರಡನೆಯ ಬಗೆ ಕಂಡರೆ ಆ ಪಟ್ಟಿ ನಿಲ್ಲಿಸಿ, ಹೊರಗೆ ಕರೆದುಕೊಂಡು ಬನ್ನಿ. ಎರಡು ವಾರ ಕಳೆದರೂ ಊಟ, ನಿದ್ದೆ, ಕೆಲಸ ಯಾವುದೂ ಬೇಡ ಅನ್ನುವವರನ್ನು ಡಾಕ್ಟರಿಗೆ ತೋರಿಸಬೇಕು. ಸಾಯುವ ಮಾತಾಡಿದರೆ ಅಂದೇ.

ಇವನ್ನು ನಂಬಬೇಡಿ

ಇಂಥ ರಾಗ ಕೇಳಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಅಂಥದ್ದು ಕೇಳಿದರೆ ಕಿಡ್ನಿ ಕಲ್ಲು ಕರಗುತ್ತದೆ ಅನ್ನುವ ವಾಟ್ಸಾಪ್ ಪಟ್ಟಿಗಳಿಗೆ ಆಧಾರವಿಲ್ಲ. 432 ಹರ್ಟ್ಜ್‌ನ ಹಾಡು ಕಾಯಿಲೆ ಗುಣಪಡಿಸುತ್ತದೆ ಅನ್ನುವುದಕ್ಕೂ ಇಲ್ಲ. ಮೊಜಾರ್ಟ್ ಕೇಳಿಸಿದರೆ ಮಗು ಬುದ್ಧಿವಂತ ಆಗುತ್ತದೆ ಅನ್ನುವುದು 1993ರ ಒಂದು ಸಣ್ಣ ಅಧ್ಯಯನದಿಂದ ಹುಟ್ಟಿದ ಮಾತು. ಅದರಲ್ಲಿ ಇದ್ದವರು ಕಾಲೇಜು ವಿದ್ಯಾರ್ಥಿಗಳು, ಪರಿಣಾಮ ಇದ್ದದ್ದು ಹತ್ತು ಹದಿನೈದು ನಿಮಿಷ.

ಕಿವಿ ಜೋಪಾನ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಫೋನಿನ ದನಿ ಅರವತ್ತು ಪರ್ಸೆಂಟಿಗಿಂತ ಮೇಲೆ ಹೋಗದಿರಲಿ. ಮದುವೆ ಮನೆಯಲ್ಲಿ ವಾಲಗದ ಕೊಂಬಿನ ಬಾಯಿಗೆ, ಡಿಜೆಯ ಸ್ಪೀಕರಿನ ಬಾಯಿಗೆ ಎಳೆಯ ಮಕ್ಕಳನ್ನು ಎತ್ತಿಕೊಂಡು ನಿಲ್ಲಬೇಡಿ, ಕುಣಿಯುವವರೂ ಆಗಾಗ ದೂರ ಹೋಗಿ ಕಿವಿಗೆ ಬಿಡುವು ಕೊಡಿ.

ಹಾಡು ಹಾಕಿದರೆ ಸಿಡುಕುವ ಹಿರಿಯರು ಇದ್ದಾರೆ. ಸಂಗೀತ ಇಷ್ಟವಿಲ್ಲ ಅಂತ ತೀರ್ಮಾನ ಮಾಡುವ ಮೊದಲು ಅವರ ಕಿವಿ ಪರೀಕ್ಷೆ ಮಾಡಿಸಿ. ಗುಗ್ಗೆ ಕಟ್ಟಿದ್ದರೂ, ಕೇಳಿಸುವುದು ಕಡಿಮೆಯಾಗಿದ್ದರೂ ಹಾಡು ಬರೀ ಗದ್ದಲವಾಗಿ ಕೇಳಿಸುತ್ತದೆ. ಗುಗ್ಗೆಯನ್ನು ಪಿನ್ನು, ಬೆಂಕಿಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಬಿಪಿ ತೋರಿಸಲು ಹೋದ ದಿನವೇ ಕಿವಿ ಮೂಗು ಗಂಟಲಿನ ಡಾಕ್ಟರಿಗೂ ಒಂದು ಚೀಟಿ ಮಾಡಿಸಿಕೊಳ್ಳಿ. ಶ್ರವಣ ಯಂತ್ರ ಬೇಕು ಅಂದರೆ ಹಾಕಿಸಿ, ಅದಕ್ಕೆ ಹೊಂದಿಕೊಳ್ಳಲು ಕೆಲವು ವಾರ ಬಿಟ್ಟು, ಒಬ್ಬರೇ ಹಾಡಿರುವ, ವಾದ್ಯ ಕಡಿಮೆ ಇರುವ ಹಾಡಿನಿಂದ ಮತ್ತೆ ಶುರುಮಾಡಿ.